ನೀರು ಕರೆಯುವ ಹೊತ್ತು

ನಮ್ಮ ವರದಿಯ ಹದಿನಾಲ್ಕನೆಯ ಪುಟವನ್ನು ಕಿತ್ತು, ಉಳಿದ ಪುಟಗಳನ್ನು ಹೊಸದಾಗಿ ಹೊಲಿಸಿ, ಕೊನೆಯಲ್ಲಿದ್ದ ನಮ್ಮ ಸಹಿಗಳನ್ನು ಹಾಗೇ ಬಿಟ್ಟು, ಕಾಲೇಜಿನವರು ಅದನ್ನು ಪುರಸಭೆಗೆ ಕೊಟ್ಟರು. ಪುರಸಭೆಯವರು ಮೀನೆಣ್ಣೆ ಕಾರ್ಖಾನೆಗೆ ಕೊಟ್ಟರು. ಕಾರ್ಖಾನೆಯವರು ಅದರ ಹದಿಮೂರನೆಯ ಪುಟವನ್ನು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ತಮ್ಮ ಗೇಟಿನ ಪಕ್ಕದ ಗೋಡೆಗೆ ತೂಗುಹಾಕಿದರು. 'ಆರನೆಯ ಜಾಗ, ಕಾರ್ಖಾನೆಯ ಕೆಳಗಿನ ಕೆಸರು. ಸಿಕ್ಕಿದ ಬಳಚು ಇನ್ನೂರ ನಲವತ್ತು. ಸತ್ತದ್ದು ಮೂವತ್ತೊಂದು. ಜೀವ ಇರುವುದು ಇನ್ನೂರ ಒಂಬತ್ತು.' ಕೆಳಗೆ ಎರಡು ಹೆಸರು. ಒಂದು ನನ್ನದು, ನಮಿತಾ. ಇನ್ನೊಂದು ನನ್ನ ಜೊತೆ ಓದುವ ಇನಾಸನದು.

ನಮ್ಮೂರಿನ ಅಳಿವೆಗೆ ಸಮುದ್ರದ ನೀರೇರುವ ಭರತ ತಾನಾಗಿ ಬರುವುದಿಲ್ಲ, ಕರೆಯಬೇಕು. ಇಳಿತಕ್ಕೆ ಯಾರೂ ಬೇಡ. ಹೋಗುವವರಿಗೆ ದಾರಿ ತೋರಿಸಬೇಕಾಗಿಲ್ಲ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಒಂದು ಕರಿಕಲ್ಲಿದೆ, ಕೂಗುಗಲ್ಲು ಎನ್ನುತ್ತಾರೆ. ದಿನಕ್ಕೆ ಎರಡು ಸಲ ನಮ್ಮ ಮನೆಯ ಹೆಣ್ಣೊಬ್ಬಳು ಅದನ್ನು ಹತ್ತಿ, ಪಡುವಣಕ್ಕೆ ಮುಖ ಮಾಡಿ, ಎರಡೂ ಕೈಯನ್ನು ಬಾಯಿಗೆ ಒಡ್ಡಿ, "ಬಾರೇ ತಂಗೀ, ಒಳಗೆ ಹಸಿದವರಿದ್ದಾರೆ" ಎಂದು ಮೂರು ಸಲ ಕೂಗಿದರೆ ಅಳಿವೆ ಬಾಯಿಯ ಆಚೆ ನಿಂತಿರುವ ಸಮುದ್ರ ಒಳಗೆ ಹೆಜ್ಜೆ ಇಡುತ್ತದೆ. ಹಸಿದವರು ಅಂದರೆ ನಾವಲ್ಲ, ಕೆಸರಿನೊಳಗಿನ ಬಳಚು ಎಂಬ ಚಿಪ್ಪುಮೀನು. ನೀರು ಮೇಲೆ ಬಂದಾಗಲೇ ಆ ಚಿಪ್ಪುಗಳು ಬಾಯಿ ಬಿಡುವುದು, ಉಣ್ಣುವುದು.

ಊರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಯಾವ ಹೊತ್ತಿಗೆ ಕರೆಯಬೇಕೆಂದು ಪುರಸಭೆಯ ಗುಮಾಸ್ತ ಹಿಂದಿನ ಸಂಜೆಯೇ ಧಕ್ಕೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾನೆ. ಊರು ಅದನ್ನು ನೋಡಿ ನಾಳೆಯನ್ನು ಹೊಂದಿಸಿಕೊಳ್ಳುತ್ತದೆ. ದೋಣಿ ದಾಟಿ ಬರುವ ಮಕ್ಕಳಿಗೆ ಶಾಲೆಯ ಗಂಟೆ ಒಂದೊಂದು ದಿನ ಒಂದೊಂದು ಹೊತ್ತಿಗೆ. ಮದುವೆಗೆ ಭಟ್ಟರು ಮುಹೂರ್ತ ಇಟ್ಟರೆ, ಹೆಣ್ಣಿನ ಕಡೆಯವರು ಹಲಗೆಯ ಗುಮಾಸ್ತನನ್ನು ಕೇಳಿ ಅದನ್ನು ಹಿಂದೆ ಮುಂದೆ ಮಾಡಿಸುತ್ತಾರೆ. ಕರೆಯುವವಳಿಗೆ ನೆಗಡಿ ಎಂದರೆ ಸಾಕು, ನಾಲ್ಕು ಮನೆಯಿಂದ ಕಾಳುಮೆಣಸಿನ ಕಷಾಯ ಬರುತ್ತದೆ. ಒಮ್ಮೆ ಬರೆದ ಹಲಗೆಯನ್ನು ಒರೆಸುವಂತಿಲ್ಲ. ಹಿಂದೊಮ್ಮೆ ಒಬ್ಬ ಮಂತ್ರಿ ದೋಣಿಯಲ್ಲಿ ಮೆರವಣಿಗೆ ಬರುತ್ತಾನೆಂದು ಒಂದು ತಾಸು ಮೊದಲೇ ನೀರು ಕರೆಯಲು ಹೇಳಿಕಳಿಸಿದ್ದರಂತೆ. ನನ್ನ ಆಯಿ, ಎಂದರೆ ತಾಯಿ, ಹಲಗೆಯ ಕಡೆ ಬೆರಳು ತೋರಿಸಿದಳಂತೆ. ಮಂತ್ರಿ ಆ ತಾಸನ್ನು ಐಸು ಗಾಡಿಯ ನೆರಳಲ್ಲಿ ಕಳೆದದ್ದನ್ನು ನಮ್ಮೂರಿನವರು ಇವತ್ತಿಗೂ ಹೇಳಿ ನಗುತ್ತಾರೆ.

ಆಯಿಯ ಹೆಸರು ಜಟ್ಟಮ್ಮ. ಇಪ್ಪತ್ತೆಂಟು ವರ್ಷದಿಂದ ಕರೆಯುತ್ತಿದ್ದಾಳೆ, ಒಂದು ಭರತವನ್ನೂ ತಪ್ಪಿಸಿಲ್ಲ. ಅಪ್ಪ ತೀರಿಕೊಂಡ ದಿನ ಹೆಣ ಎತ್ತುವ ಮೊದಲು ಎದ್ದು ಹೋಗಿ ಕರೆದು ಬಂದು ಮತ್ತೆ ಅಳಲು ಕೂತಳು. ಕರೆಯುವವರಿಗೆ ಒಂದೇ ಒಂದು ಕಟ್ಟಳೆ. ಕಾಲು ಕೆಸರು ಮುಟ್ಟಬಾರದು. ಕೆಸರು ಮೆಟ್ಟಿದ ದಿನ ಅವರ ಕೂಗು ನೀರಿಗೆ ಕೇಳುವುದಿಲ್ಲ. ಹಾಗಾಗಿ ಕೂಗುಗಲ್ಲಿನಿಂದ ಕೆಸರಿಗೆ ಮೂರು ಮೆಟ್ಟಿಲಿದ್ದರೂ ನಮ್ಮ ಮನೆಯವರು ಯಾರೂ ಅದನ್ನು ಇಳಿದದ್ದಿಲ್ಲ. ಯಾರಿಗಾಗಿ ನೀರು ಕರೆಯುತ್ತೇವೋ ಆ ಬಳಚು ಬೆಳೆಯುವ ಜಾಗವನ್ನು ಆಯಿ ಹತ್ತಿರದಿಂದ ನೋಡಿಯೇ ಇರಲಿಲ್ಲ. ಬಳಚು ತೆಗೆಯುವ ಹೆಂಗಸರು ವಾರಕ್ಕೊಮ್ಮೆ ತಲಾ ಒಂದು ಬೊಗಸೆ ತಂದು ನಮ್ಮ ಹೊಸ್ತಿಲಲ್ಲಿ ಸುರಿಯುತ್ತಾರೆ. ಅದು ಕೂಗಿನ ಪಾಲು. ಆಯಿಗೆ ಅಳಿವೆಯ ಗುರುತು ಅಂದರೆ ಅಷ್ಟೇ, ಬುಟ್ಟಿಯಲ್ಲಿ ಬಂದು ಬಾಣಲೆಯಲ್ಲಿ ಬಾಯಿ ಬಿಡುವ ಚಿಪ್ಪು.

ನಾನು ಕಾಲೇಜಿನ ಪ್ರಾಣಿಶಾಸ್ತ್ರದ ಕೆಲಸಕ್ಕೆಂದು ಕೆಸರಿಗೆ ಇಳಿದ ದಿನ ಆಯಿ ನನ್ನ ಜೊತೆ ಮಾತು ಬಿಟ್ಟಳು. ಜಗಳ ಆಡಲಿಲ್ಲ, ಬೈಯಲಿಲ್ಲ. ಅಂಗಳದಲ್ಲಿ ಒಂದು ಬಕೆಟ್ ನೀರಿಟ್ಟು, ಕಾಲು ತೊಳೆಯದೆ ಒಳಗೆ ಬರಬೇಡ ಎಂದು ಪಕ್ಕದ ಮನೆಯವರ ಬಾಯಲ್ಲಿ ಹೇಳಿಸಿದಳು. ಅವಳ ನಂತರ ಕರೆಯಬೇಕಾದವಳು ನಾನೇ. ಶಾಲೆಯಲ್ಲಿ ಓದುವುದು ಸರಿ, ಆದರೆ ಕಾಲು ಕೆಸರು ಮಾಡಿಕೊಂಡೇ ಓದಬೇಕು ಎನ್ನುವ ಓದು ಎಂಥದ್ದು ಎಂಬುದು ಅವಳ ಪ್ರಶ್ನೆ. ಒಂದು ತಿಂಗಳ ನಂತರ ಮಾತು ಬಂತು. ಬಕೆಟ್ ಮಾತ್ರ ಅಲ್ಲೇ ಉಳಿಯಿತು.

ನಾನು ಮತ್ತು ಇನಾಸ ಅಳಿವೆ ಬಾಯಿಯಿಂದ ಕಾರ್ಖಾನೆಯವರೆಗೆ ಆರು ಜಾಗ ಗುರುತು ಮಾಡಿದ್ದೆವು. ಪ್ರತಿ ಶನಿವಾರ ಇಳಿತದ ಹೊತ್ತಿಗೆ ಹೋಗಿ, ಪ್ಲಾಸ್ಟಿಕ್ ಪೈಪಿನಿಂದ ಮಾಡಿದ ಒಂದು ಮೀಟರಿನ ಚೌಕಟ್ಟನ್ನು ಕೆಸರಿನ ಮೇಲಿಟ್ಟು, ಅದರೊಳಗಿನದನ್ನೆಲ್ಲ ಒಂದು ಗೇಣು ಆಳಕ್ಕೆ ಬಗೆದು ಜರಡಿ ಹಿಡಿದು ಎಣಿಸುತ್ತಿದ್ದೆವು. ನೀರನ್ನು ಸೀಸೆಗೆ ತುಂಬಿ ಔಷಧಿ ಹನಿಸಿದರೆ, ನೀರಲ್ಲಿ ಉಸಿರಿದ್ದರೆ ಕಂದುಬಣ್ಣ ಬರಬೇಕು. ಆರನೆಯ ಜಾಗದ ಸೀಸೆ ಪ್ರತಿ ಸಲವೂ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಕೆಸರು ಮಾತ್ರ ಕಾಡಿಗೆಯ ಹಾಗೆ ಕಪ್ಪು, ಕೊಳೆತ ಮೊಟ್ಟೆಯ ನಾತ. ಆದರೆ ಬಳಚಿನ ಎಣಿಕೆ ಚೆನ್ನಾಗಿಯೇ ಬರುತ್ತಿತ್ತು. ಬಾಯಿ ಬಿಟ್ಟದ್ದನ್ನು ಸತ್ತದ್ದು ಎಂದು, ಬಾಯಿ ಮುಚ್ಚಿದ್ದನ್ನು ಜೀವ ಇರುವುದು ಎಂದು ಬರೆಯುತ್ತಿದ್ದೆವು. ಪುಸ್ತಕದಲ್ಲಿ ಹಾಗೇ ಇತ್ತು. ಉಸಿರಿಲ್ಲದ ನೀರಿನ ಕೆಳಗೆ ಇನ್ನೂರ ಒಂಬತ್ತು ಬಳಚು ಹೇಗೆ ಬದುಕಿದೆ ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡೆವು. ಈ ಪ್ರಾಣಿಯ ಸಹನಶಕ್ತಿ ಅಪಾರ ಎಂದು ಇನಾಸ ಒಂದು ಇಡೀ ಪ್ಯಾರಾ ಬರೆದ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸತ್ತವರ ಸಹನೆಯನ್ನು ಹೊಗಳಿ ಬರೆದೆವು.

ತಪ್ಪು ತೋರಿಸಿದವಳು ಬೀರಮ್ಮ. ಐವತ್ತು ವರ್ಷದಿಂದ ಬಳಚು ತೆಗೆಯುವವಳು, ಒಂದಕ್ಷರ ಓದಿದವಳಲ್ಲ. ನಾವು ರಾಶಿ ಹಾಕಿ ಎಣಿಸುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವಳು, ಎರಡು ಮುಚ್ಚಿದ ಚಿಪ್ಪು ತೆಗೆದುಕೊಂಡು ಒಂದಕ್ಕೊಂದು ಬಡಿದಳು. ಸೌದೆಗೆ ಸೌದೆ ತಾಗಿದ ಹಾಗೆ ಮಂದ ಸದ್ದು. ಆಮೇಲೆ ಅಳಿವೆ ಬಾಯಿಯ ಕಡೆಯಿಂದ ತಂದಿದ್ದ ಎರಡನ್ನು ಬಡಿದಳು. ಬೆಣಚುಕಲ್ಲಿನ ಹಾಗೆ ಟಣ್ ಎಂದಿತು. ಮಂದ ಸದ್ದಿನದನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಮಾಂಸವಿರಲಿಲ್ಲ. ಒತ್ತಿ ತುಂಬಿದ ಕಪ್ಪು ಕೆಸರು. "ನೀವು ಬಾಗಿಲು ಹಾಕ್ಕಂಡ ಮನೆ ಎಲ್ಲಾ ಎಣಿಸಿದ್ರಿ ಮಗಾ," ಅಂದಳು. "ಒಳಗೆ ಜನ ಇದ್ದಾರನಾ ಅಂತ ತಟ್ಟಿ ನೋಡಲೇ ಇಲ್ಲ."

ಆವತ್ತೇ ಇನ್ನೂರ ಒಂಬತ್ತನ್ನೂ ಬಡಿದು ನೋಡಿದೆವು. ಇನ್ನೂರ ಎರಡರಲ್ಲಿ ಕೆಸರು. ಏಳರಲ್ಲಿ ಜೀವ. ಎಂಟು ತಿಂಗಳ ಎಣಿಕೆ ತಪ್ಪು ಎಂದು ಒಪ್ಪಿಕೊಂಡು, ಸರಿಯಾದದ್ದನ್ನೂ ಬಿಳಿ ಸೀಸೆಯ ವಿಷಯವನ್ನೂ ಸೇರಿಸಿ ಬರೆದ ಪುಟವೇ ಹದಿನಾಲ್ಕನೆಯದು. ಅದನ್ನು ಕಿತ್ತರೆ ಉಳಿಯುವುದು ನಮ್ಮ ತಪ್ಪು, ನಮ್ಮದೇ ಸಹಿಯೊಂದಿಗೆ. ಬೇರೆಯವರು ಹೇಳಿದ ಸುಳ್ಳಾಗಿದ್ದರೆ ಸುಳ್ಳು ಎನ್ನಬಹುದಿತ್ತು.

ನಮ್ಮ ವಿಭಾಗದ ತಳೇಕರ ಸರ್ ಹತ್ತಿರ ಹೋದೆವು. ಅವರು ಬಾಗಿಲು ಹಾಕಿಸಿ, ಫ್ಯಾನು ಜೋರು ಮಾಡಿಸಿ, ಕೂರಲು ಹೇಳಿದರು. ಕಾಲೇಜಿನ ಹೊಸ ಪ್ರಯೋಗಾಲಯಕ್ಕೆ ಕಾರ್ಖಾನೆಯೇ ಛಾವಣಿ ಹಾಕಿಸಿಕೊಡುತ್ತಿದೆ, ಒಂದು ಪುಟಕ್ಕಾಗಿ ಮುಂದಿನ ಮಕ್ಕಳನ್ನು ಬಿಸಿಲಲ್ಲಿ ಕೂರಿಸಬೇಡಿ ಎಂದರು. ಬಡಿದು ಸದ್ದು ಕೇಳುವುದು ವಿಜ್ಞಾನವಲ್ಲ, ಮೀನು ಮಾರುವ ಹೆಂಗಸರ ಲೆಕ್ಕ ಎಂದರು. ನಾನು, ಹಾಗಾದರೆ ವೈದ್ಯರು ಎದೆಯ ಮೇಲೆ ಬೆರಳು ಬಡಿದು ನೋಡುವುದು ಯಾರ ಲೆಕ್ಕ ಸರ್ ಎಂದು ಕೇಳಿದೆ. ಅವರು ಫ್ಯಾನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಷ್ಟೇ ಕೆಲಸ ಮಾಡಿದ್ದರೆ ನಮ್ಮ ಅಳಿವೆ ಇಷ್ಟು ಹಾಳಾಗುತ್ತಿರಲಿಲ್ಲ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾವು ಏಳೆಂಟು ಜನ ವಾರಕ್ಕೊಮ್ಮೆ ಕೂತು ಓದುತ್ತಿದ್ದೆವು. ಅಲ್ಲೇ ಕೂತು ಕೈಬರಹದಲ್ಲಿ ಹದಿನಾಲ್ಕನೆಯ ಪುಟವನ್ನು ಮತ್ತೆ ಬರೆದು, ಒಂದು ಪತ್ರ ಲಗತ್ತಿಸಿ, ಜಿಲ್ಲೆಯ ತನಿಖಾ ಸಮಿತಿಗೆ ಕಳಿಸಿದೆವು. ಬಂದು ನೀವೇ ಬಡಿದು ನೋಡಿ ಎಂದಷ್ಟೇ ಪತ್ರದಲ್ಲಿತ್ತು. ಮೂರು ತಿಂಗಳು ಉತ್ತರವಿರಲಿಲ್ಲ. ಆಮೇಲೆ ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಸಮಿತಿಯ ಮೂವರು ಹೊರಟಿದ್ದಾರೆ, ಹನ್ನೊಂದಕ್ಕೆ ಧಕ್ಕೆಯಲ್ಲಿರುತ್ತಾರೆ, ಆ ದಿನವೇ ನೋಡಿ ಆ ದಿನವೇ ವರದಿ ಬರೆಯುತ್ತಾರೆ, ಮತ್ತೆ ಬರುವುದಿಲ್ಲ.

ನಾನು ಓಡಿ ಹೋಗಿ ಹಲಗೆ ನೋಡಿದೆ. ಹಗಲಿನ ಭರತ ಎರಡು ಗಂಟೆಗೆ. ಇಳಿತ ಆಗಲೇ ಶುರುವಾಗಿತ್ತು. ಹತ್ತರಿಂದ ಎರಡರವರೆಗೆ ಆರನೆಯ ಜಾಗ ಒಣಗಿ ತೆರೆದಿರುತ್ತದೆ. ನಾಲ್ಕು ತಾಸು. ಬಡಿದು ತೋರಿಸಲು ಅರ್ಧ ತಾಸು ಸಾಕು.

ಫೋನು ನಮಗಷ್ಟೇ ಬಂದಿರಲಿಲ್ಲ. ಹತ್ತು ಗಂಟೆಗೆ ಪುರಸಭೆಯ ಮುಖ್ಯಾಧಿಕಾರಿ ನಮ್ಮ ಮನೆಯ ಅಂಗಳಕ್ಕೆ ಬಂದರು. ನಾನು ಚೌಕಟ್ಟು, ಜರಡಿ ಜೋಡಿಸುತ್ತಿದ್ದೆ. ಅವರು ನನ್ನನ್ನು ಕಂಡೂ ಕಾಣದ ಹಾಗೆ ಬಾಗಿಲೆದುರು ನಿಂತು, ಜಟ್ಟಮ್ಮನವರೇ, ಈಗಲೇ ಒಮ್ಮೆ ಕರೆದುಬಿಡಿ, ಗಣ್ಯರು ಬರುವಾಗ ಅಳಿವೆ ತುಂಬಿ ಕಂಡರೆ ಊರಿಗೆ ಶೋಭೆ ಎಂದರು. ಆಯಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, ಹಲಗೆಯ ಮೇಲೆ ಎರಡು ಅಂತ ಇದೆಯಲ್ಲ ಸಾಹೇಬ್ರೆ ಅಂದಳು. ಹಲಗೆ ಬರೆಸುವವರು ನಾವೇ ಎಂದು ಅವರು ನಕ್ಕರು. ಬರೆಸುವವರು ನೀವು, ಓದುವವರು ಊರಿನವರು ಎಂದು ಆಯಿ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. ಅದು ಅವರ ಬೂಟಿನ ಪಕ್ಕ ಬಿತ್ತು. ಅವರು ಹೊರಟುಹೋದರು.

ನಾನು ಖುಷಿಯಲ್ಲಿ ಒಳಗೆ ಹೋಗಿ ಅವಳ ಭುಜ ಹಿಡಿದೆ. ಅವಳು ಕೊಡವಿಕೊಂಡಳು. "ನಿನ್ನ ಸಲುವಾಗಿ ಹೇಳ್ದದ್ದಲ್ಲ," ಅಂದಳು. "ಹಲಗೆ ಸಲುವಾಗಿ ಹೇಳ್ದದ್ದು."

ಹನ್ನೊಂದಕ್ಕೆ ಸಮಿತಿಯ ಜೀಪು ಊರಿಗೆ ಬಂತು. ಧಕ್ಕೆಗೆ ಬರಲಿಲ್ಲ. ಕಾರ್ಖಾನೆಯ ಅತಿಥಿಗೃಹದ ಮುಂದೆ ನಿಂತಿತು. ನಾನು ಧಕ್ಕೆಯ ಬುಡಕ್ಕೆ ತಾಗಿದ ಆರನೆಯ ಜಾಗದಲ್ಲಿ ಚೌಕಟ್ಟು ಹಾಕಿ ಕಾಯುತ್ತಿದ್ದೆ, ಮೊಣಕಾಲವರೆಗೆ ಕಪ್ಪು ಕೆಸರು. ಬೀರಮ್ಮ ಮತ್ತು ಅವಳ ಜೊತೆಯ ಐದಾರು ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಇನಾಸ ಸೈಕಲ್ಲಿನಲ್ಲಿ ಅತ್ತಿಂದಿತ್ತ ಓಡಾಡಿ ಸುದ್ದಿ ತರುತ್ತಿದ್ದ. ಹನ್ನೊಂದೂವರೆಗೆ ಎಳನೀರು ಕುಡಿಯುತ್ತಿದ್ದಾರೆ. ಹನ್ನೆರಡಕ್ಕೆ ಗೋಡೆಯ ಮೇಲೆ ಚಿತ್ರ ಬಿಟ್ಟು ಕಾರ್ಖಾನೆಯವರು ಏನೋ ವಿವರಿಸುತ್ತಿದ್ದಾರೆ. ನಮ್ಮ ಹದಿಮೂರನೆಯ ಪುಟವೂ ಅದರಲ್ಲಿ ಬಂತು, ನಮ್ಮ ಹೆಸರು ಓದಿ ಚಪ್ಪಾಳೆ ಹೊಡೆದರು. ಹನ್ನೆರಡೂವರೆಗೆ ಊಟಕ್ಕೆ ಕೂತರು. ಇಸ್ವಾಣ ಮೀನಿನ ತುಂಡು ಬಾಳೆ ಎಲೆಯಷ್ಟು ದೊಡ್ಡದಿದೆ, ತಿಂದು ಮುಗಿಸಲು ಹೊತ್ತು ಬೇಕು ಎಂದು ಇನಾಸ ಹಲ್ಲು ಕಡಿದ.

ಆಗ ನನಗೆ ಹೊಳೆಯಿತು. ಕಾರ್ಖಾನೆಯವರಿಗೆ ಈಗ ಹಲಗೆ ಒರೆಸುವ ಅಗತ್ಯವೇ ಇಲ್ಲ. ಎರಡು ಗಂಟೆಯವರೆಗೆ ಊಟ ಎಳೆದರೆ ಸಾಕು. ಹಲಗೆಯ ಹೊತ್ತಿಗೆ ಸರಿಯಾಗಿ, ಇಪ್ಪತ್ತೆಂಟು ವರ್ಷ ತಪ್ಪದ ನನ್ನ ಆಯಿ ಕಲ್ಲು ಹತ್ತುತ್ತಾಳೆ. ಬೆಳಿಗ್ಗೆ ನನ್ನ ಪರವಾಗಿ ನಿಂತ ನಿಯಮ ಮಧ್ಯಾಹ್ನ ಅವರ ಕೆಲಸಕ್ಕೆ ನಿಲ್ಲುತ್ತದೆ. ಮೂವರು ಗಣ್ಯರು ಧಕ್ಕೆಯ ಮೇಲೆ ನಿಂತು ತುಂಬಿದ ಅಳಿವೆ ನೋಡಿ, ಚೆನ್ನಾಗಿದೆ ಎಂದು ಬರೆದು, ಕೈ ತೊಳೆದು ಹೋಗುತ್ತಾರೆ.

ಒಂದು ಗಂಟೆಗೆ ಅಳಿವೆ ಬಾಯಿಯ ಆಚೆ ಬೋಟುಗಳು ಸೇರತೊಡಗಿದವು. ಮೂರು ದಿನ ಹೊರಗಿದ್ದು ಬಂದವು, ನೀರಿಲ್ಲದೆ ಒಳಗೆ ಬರಲಾರವು. ಮೊದಲನೆಯದು ನನ್ನ ಮಾವ ದುರ್ಗಪ್ಪನದು, ಆಯಿಯ ಒಡಹುಟ್ಟಿದ ತಮ್ಮ. ಅದರ ಸೀಟಿ ನಮಗೆ ಗುರುತು. ಒಂದು ಉದ್ದ, ಎರಡು ಗಿಡ್ಡ. ಮೀನು ತುಂಬಿದೆ, ಐಸು ಮುಗಿಯುತ್ತ ಬಂದಿದೆ ಎಂದು ಅರ್ಥ.

ಒಂದೂ ಕಾಲಿಗೆ ನಾನು ಕೂಗುಗಲ್ಲಿನ ಹತ್ತಿರ ಹೋದೆ. ಆಯಿ ಆಗಲೇ ಬಂದು ಅದರ ಬುಡದಲ್ಲಿ ಧಕ್ಕೆಯ ಬದಿಗೆ ಕೂತಿದ್ದಳು, ಒಗೆದ ಸೀರೆ, ತೊಳೆದ ಕಾಲು. ನಾನು ಕೆಸರಿನಲ್ಲಿ ಕೆಳಗೆ, ಅವಳು ಮೇಲೆ. ಇವತ್ತೊಂದು ದಿನ ಕರೆಯಬೇಡ ಎಂದೆ. ಅವರು ಬಂದು ಇಳಿದು ನೋಡುವವರೆಗೆ, ಅರ್ಧ ತಾಸು, ಆಮೇಲೆ ಕರೆ. ಅವಳು ಸಮುದ್ರದ ಕಡೆಯೇ ನೋಡುತ್ತಿದ್ದಳು. ಹೊತ್ತಿಗೆ ಕರೆಯುವುದೊಂದನ್ನೇ ತಾನು ಬಲ್ಲದ್ದು ಎಂದಳು. ಮಂತ್ರಿಗೆ ಇಲ್ಲ ಎಂದವಳು ಮಗಳಿಗೆ ಆಗಲಿ ಎಂದರೆ ಹಲಗೆಗೆ ಏನು ಮರ್ಯಾದೆ ಎಂದು ಕೇಳಿದಳು. ಆಚೆ ಕಾಯುತ್ತಿರುವ ಬೋಟಿನವರಿಗೆ ಮನೆ ಮಠ ಇಲ್ಲವೇ ಎಂದಳು. ಎಲ್ಲವೂ ಸರಿಯಾದ ಮಾತು. ಕಾರ್ಖಾನೆಯವರ ಮಾತಿಗೆ ಉತ್ತರ ಕೊಡಬಹುದಿತ್ತು.

ಇನ್ನೊಂದು ಮಾತು ನನ್ನಲ್ಲಿತ್ತು. ಅದನ್ನು ಆಡುವುದಿಲ್ಲ ಎಂದು ಬೀರಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದೆ. ನಾಲ್ಕು ತಿಂಗಳ ಹಿಂದೆ ನಮ್ಮ ಅಡುಗೆಮನೆಯಲ್ಲಿ ಕೂಗಿನ ಪಾಲನ್ನು ತೊಳೆಯುವಾಗ ಒಂದು ಚಿಪ್ಪನ್ನು ಬೆಳಕಿಗೆ ಹಿಡಿದಿದ್ದೆ. ನಮ್ಮ ಅಳಿವೆಯ ಬಳಚಿಗೆ ಒಳಗಿನ ಅಂಚಿನಲ್ಲಿ ನೇರಳೆ ಬಣ್ಣದ ಗೆರೆ ಇರುತ್ತದೆ. ಇದರ ಒಳಗೆಲ್ಲ ಬರೀ ಬಿಳಿ. ಬೊಗಸೆ ಬೊಗಸೆಯೂ ಬಿಳಿ. ಬೀರಮ್ಮನನ್ನು ಹಿಡಿದು ಕೇಳಿದಾಗ ಅವಳು ಮೊದಲು ಗದರಿದಳು, ಆಮೇಲೆ ಅತ್ತಳು. ಅಳಿವೆ ಬಾಯಿಯ ಕಡೆಯ ಬಳಚೂ ಅಷ್ಟರಲ್ಲಿ ಮುಗಿದಿತ್ತು.

ನಾನು ಆಣೆ ಮುರಿದೆ. "ಆಯೀ, ನೀನು ಈ ನಾಲ್ಕು ತಿಂಗಳಿಂದ ಉಂಡದ್ದು ನಮ್ಮ ಅಳಿವೆದಲ್ಲ," ಎಂದೆ. "ಬೀರಮ್ಮನೋರು ಹೊಳೆ ಆಚೆ ಊರಿನ ಸಂತೆಗೆ ಬಸ್ಸಲ್ಲಿ ಹೋಗಿ ಕೊಂಡು ತಂದು ನಿನ್ನ ಹೊಸ್ತಿಲಿಗೆ ಹಾಕ್ತಿದ್ದಾರೆ."

ಅವಳು ಮೊದಲ ಸಲ ತಲೆ ಬಗ್ಗಿಸಿ ಕೆಳಗೆ ನೋಡಿದಳು. ನನ್ನನ್ನಲ್ಲ, ನನ್ನ ಹಿಂದೆ ಬುಟ್ಟಿಯ ಮೇಲೆ ಕೂತಿದ್ದ ಬೀರಮ್ಮನನ್ನು. ಬೀರಮ್ಮ ಎದ್ದು ಬಂದಳು. ನನ್ನ ಪಕ್ಕದಲ್ಲಿ ನಿಂತು, ಎಲ್ಲರೆದುರು ನನ್ನ ಕಿವಿ ಹಿಂಡಿದಳು, ನೋಯುವ ಹಾಗೆಯೇ.

"ಹೌದನೆ ಬೀರಮ್ಮ?" ಎಂದಳು ಆಯಿ.

"ಹೌದು ಜಟ್ಟಕ್ಕ."

"ಎಂತಕ್ಕೆ?"

ಬೀರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನೀನು ದಿನಾ ಎರಡು ಹೊತ್ತು ಹಸಿದವರಿದ್ದಾರೆ, ಹಸಿದವರಿದ್ದಾರೆ ಅಂತ ಕೂಗ್ತೆ. ಒಳಗೆ ಯಾರೂ ಇಲ್ಲ ಅಂತ ನಿಂಗೆ ಯಾವ ಬಾಯಲ್ಲಿ ಹೇಳೂದು?"

ಆಚೆ ದುರ್ಗಪ್ಪ ಮಾವನ ಸೀಟಿ ಮತ್ತೆ ಕೇಳಿತು, ಒಂದು ಉದ್ದ, ಎರಡು ಗಿಡ್ಡ. ಆಯಿ ಕೈ ಚಾಚಿದಳು. ಏನು ಬೇಕೆಂದು ಬೀರಮ್ಮನಿಗೆ ಹೇಳಬೇಕಾಗಲಿಲ್ಲ. ಆರನೆಯ ಜಾಗದ ಎರಡು ಚಿಪ್ಪನ್ನು ಮೇಲಕ್ಕೆ ಕೊಟ್ಟಳು. ಆಯಿ ಅವನ್ನು ಬಡಿದಳು. ಮಂದ ಸದ್ದು. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಬಡಿದಳು. ಬೇರೆ ಎರಡು ಕೇಳಿ ತೆಗೆದುಕೊಂಡಳು, ಮತ್ತೆರಡು, ಮತ್ತೆರಡು. ಅವಳ ಮಡಿಲು ಕಪ್ಪಾಯಿತು. ಎಂಟನೆಯದನ್ನೋ ಹತ್ತನೆಯದನ್ನೋ ಬಡಿದ ಮೇಲೆ ನಿಲ್ಲಿಸಿ, ಎಷ್ಟು ದಿನ ಆಯಿತು ಎಂದು ಕೇಳಿದಳು. ಇಲ್ಲಿ ಒಂದು ವರ್ಷದ ಮೇಲಾಯಿತು ಎಂದು ನಾನು ಹೇಳಿದೆ. ಅವಳು ಬೆರಳು ಮಡಚಿ ಏನೋ ಎಣಿಸತೊಡಗಿದಳು. ದಿನಕ್ಕೆ ಎರಡರ ಹಾಗೆ ಯಾರಿಗೂ ಬೇಡದ ಎಷ್ಟು ಕೂಗು ಕೂಗಿದೆ ಎಂದು ಎಣಿಸುತ್ತಿದ್ದಳೆಂದು ನನಗೆ ಈಗ ಅನಿಸುತ್ತದೆ. ಆಗ ಮಾತ್ರ ಅವಳ ಮನಸ್ಸು ಯಾವ ಕಡೆಗಿದೆಯೆಂದು ನನಗೆ ಒಂದು ಎಳೆಯೂ ಸಿಗಲಿಲ್ಲ. ಅವಳು ಎದ್ದು ಸೆರಗು ಸರಿಮಾಡಿಕೊಂಡು, ಚಿಪ್ಪುಗಳನ್ನು ಮಡಿಲಲ್ಲೇ ಕಟ್ಟಿಕೊಂಡು, ಕೂಗುಗಲ್ಲನ್ನು ಹತ್ತಿದಳು. ಬೀರಮ್ಮ ನನ್ನ ಕೈ ಹಿಡಿದುಕೊಂಡಳು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಜೀಪು ಬಂತು. ಸಮಿತಿಯ ಮೂವರು ಇಳಿದರು, ಇಬ್ಬರು ಗಂಡಸರು, ಕನ್ನಡಕದ ಒಬ್ಬ ಹೆಂಗಸು. ಬಿಸಿಲಿಗೆ ಛತ್ರಿ ಹಿಡಿಯಲು ಕಾರ್ಖಾನೆಯ ಜನ. ಜೊತೆಗೆ ಮುಖ್ಯಾಧಿಕಾರಿ, ತಳೇಕರ ಸರ್. ನಾನು ಕೆಳಗಿನಿಂದಲೇ ಕೈ ಎತ್ತಿ, ಜಾಗ ಸಿದ್ಧವಿದೆ, ದಯವಿಟ್ಟು ಇಳಿದು ಬನ್ನಿ ಎಂದು ಕೂಗಿದೆ. ಕನ್ನಡಕದ ಹೆಂಗಸು ತನ್ನ ಚಪ್ಪಲಿ ನೋಡಿಕೊಂಡರು, ಮೆಟ್ಟಿಲು ನೋಡಿದರು. ಇಳಿಯುತ್ತಿದ್ದರೋ ಏನೋ. ಮುಖ್ಯಾಧಿಕಾರಿ ಅಡ್ಡ ಬಂದು, ಮೇಡಂ, ಈಗ ಭರತದ ಹೊತ್ತು, ಕೆಳಗೆ ಹೋಗುವುದು ಅಪಾಯ, ಇಲ್ಲಿಂದಲೇ ಎಲ್ಲ ಕಾಣುತ್ತದೆ ಎಂದರು. ಹಲಗೆಯನ್ನೂ ತೋರಿಸಿದರು. ಬೆಳಿಗ್ಗೆ ಒರೆಸಬೇಕೆಂದಿದ್ದ ಹಲಗೆಗೆ ಈಗ ಎಷ್ಟು ಗೌರವ. ಆಮೇಲೆ ಗಡಿಯಾರ ನೋಡುತ್ತ ನಿಂತರು. ಎಲ್ಲರೂ ನಿಂತರು. ಒಳಗೆ ಬರಲು ಕಾದ ಬೋಟುಗಳು, ಮೇಲೆ ಕಾದ ಛತ್ರಿಗಳು, ಕೆಳಗೆ ಕೆಸರಿನಲ್ಲಿ ನಾವು, ನಡುವೆ ಕಲ್ಲಿನ ಮೇಲೆ ಆಯಿ.

ಪುರಸಭೆಯ ಗಡಿಯಾರ ಎರಡು ಹೊಡೆಯಿತು.

"ಹಾಂ ಜಟ್ಟಮ್ಮ, ಹೊತ್ತಾಯ್ತು. ಕರಿ," ಎಂದರು ಮುಖ್ಯಾಧಿಕಾರಿ. ಬೆಳಿಗ್ಗೆ ಜಟ್ಟಮ್ಮನವರೇ ಎಂದಿದ್ದರು.

ಆಯಿ ಕೈಯನ್ನು ಬಾಯಿಗೆ ಒಡ್ಡಲಿಲ್ಲ. ಮಡಿಲಿನ ಗಂಟು ಬಿಚ್ಚಿ ಒಂದೊಂದೇ ಚಿಪ್ಪನ್ನು ಕಲ್ಲಿನ ಮೇಲೆ ಇಡತೊಡಗಿದಳು. ಅವರು ಇನ್ನೊಮ್ಮೆ ಹೇಳಿದರು. ಅವಳು ಇನ್ನೊಂದು ಚಿಪ್ಪು ಇಟ್ಟಳು. ಇದು ಪುರಸಭೆಯ ಆದೇಶ, ಇಪ್ಪತ್ತೆಂಟು ವರ್ಷದ ನೌಕರಿ, ಮನೆ ಪುರಸಭೆಯದು, ನೆನಪಿರಲಿ ಎಂದರು. ಆಚೆ ನೋಡು, ನಿನ್ನ ಜನರದೇ ಮೀನು ಬಿಸಿಲಿಗೆ ಕೊಳೆಯುತ್ತಿದೆ ಎಂದರು. ಆ ಮಾತಿಗೆ ಆಯಿಯ ಕೈ ಒಂದು ಕ್ಷಣ ನಿಂತ ಹಾಗೆ ಕಂಡಿತು. ಸೀಟಿ ಕೇಳಿತು.

"ನನ್ನ ತಮ್ಮಂದೇ ಬೋಟು ಅದು," ಅಂದಳು. "ಅವನ ಐಸು ಎಷ್ಟು ಹೊತ್ತು ನಿಲ್ತದೆ ಅಂತ ನಿಮ್ಗಿಂತ ನಂಗೆ ಗೊತ್ತು. ಅವನ ಕಾಲಿಗೆ ನಾ ಬೀಳ್ತೆ. ಒಳಗೆ ಹಸಿದವರಿದ್ದಾರೆ ಅಂತ ಸಮುದ್ರಕ್ಕೆ ಸುಳ್ಳು ಹೇಳೂಕೆ ಮಾತ್ರ ನನ್ ಕೈಲಿ ಆಗೂದಿಲ್ಲ."

ಕನ್ನಡಕದ ಹೆಂಗಸು ಛತ್ರಿಯ ನೆರಳಿನಿಂದ ಎರಡು ಹೆಜ್ಜೆ ಮುಂದೆ ಬಂದು, ಅವರು ಏನು ಹೇಳುತ್ತಿದ್ದಾರೆ ಎಂದು ತಳೇಕರ ಸರ್ ಅವರನ್ನು ಕೇಳಿದರು. ಸರ್ ಕಾರ್ಖಾನೆಯವರ ಛತ್ರಿಯ ಕೆಳಗೆ ಸರಿದರು. ಮುಖ್ಯಾಧಿಕಾರಿ ಆಗ ಕೆಳಗೆ ತಿರುಗಿ ನನ್ನನ್ನು ಕರೆದರು. ಬೆಳಿಗ್ಗೆ ಕಾಣದಿದ್ದ ನಾನು ಈಗ ಕಂಡೆ. ನೀನೂ ಕೂಗಿನ ಮನೆಯವಳೇ ತಾನೆ, ಬಾ ಮೇಲೆ, ನೀನೇ ಕರಿ ಎಂದರು. ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮತ್ತೊಬ್ಬಳು, ಸಾಹೇಬ್ರು ಹುಡುಗಿ ಕಾಲು ನೋಡಲಿಲ್ಲ ಕಾಣ್ತದೆ ಎಂದಳು. ಎಲ್ಲರೂ ನನ್ನ ಕಾಲು ನೋಡಿದರು. ಮೊಣಕಾಲವರೆಗೆ ಕಾರ್ಖಾನೆಯದೇ ಕೆಸರು, ಒಣಗಿ ಬಿರಿದಿತ್ತು. ಆ ದಿನ ನನ್ನ ಕೂಗನ್ನು ಯಾವ ನೀರೂ ಕೇಳುತ್ತಿರಲಿಲ್ಲ.

ಹಾಗಾದರೆ ನೀನೇ, ಎಂದು ಅವರು ಮತ್ತೆ ಆಯಿಯ ಕಡೆ ತಿರುಗಿದರು. ಕೊನೆಯ ಸಲ ಹೇಳುತ್ತಿದ್ದೇನೆ ಎಂದರು. ಗುಮಾಸ್ತನನ್ನು ಕರೆದು, ಕಾಗದ ತೆಗೆ, ಇವಳು ಹೇಳುವುದನ್ನು ಬರೆದುಕೋ ಎಂದರು.

ಆಯಿ ಕೊನೆಯ ಚಿಪ್ಪನ್ನು ಕಲ್ಲಿನ ಮೇಲಿಟ್ಟು ಸೀರೆಯ ನಿರಿಗೆ ಎತ್ತಿ ಹಿಡಿದಳು. ಕೂಗುಗಲ್ಲಿನ ಕೆಸರಿನ ಬದಿಗೆ ತಿರುಗಿದಳು. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು. ಪಾಚಿ ಕಟ್ಟಿದ್ದ ಮೂರನೆಯದರಲ್ಲಿ ಜಾರಿದಾಗ ಬೀರಮ್ಮ ಓಡಿ ರಟ್ಟೆ ಹಿಡಿದಳು. ಇಪ್ಪತ್ತೆಂಟು ವರ್ಷ ತೊಳೆದಿಟ್ಟ ಕಾಲು ಕಪ್ಪು ಕೆಸರಿನೊಳಗೆ ಗಂಟಿನವರೆಗೆ ಇಳಿಯಿತು. ಅವಳು ಮುಖ ಸಿಂಡರಿಸಿದಳು. ಬಿಸಿ ಇದೆಯಲ್ಲೇ ಇದು ಎಂದು ನನಗೆ ಮಾತ್ರ ಕೇಳುವ ಹಾಗೆ ಅಂದಳು. ಆಮೇಲೆ ಮೇಲೆ ನಿಂತವರ ಕಡೆ ಮುಖ ಎತ್ತಿದಳು.

"ಬರ್ಕೊಳಿ," ಅಂದಳು. "ಜಟ್ಟಮ್ಮ ಕರೆಯೂದಿಲ್ಲ ಅಂದ್ಳು ಅಂತ ಬರ್ಕೊಳಿ. ಬರ್ದ ಪುಟ ಹರೀಬೇಡಿ."